ಅನಸೂಯಾದಿಯ ಮೇಜಿನ ಪಕ್ಕದ ಬೆತ್ತದ ಮೋರಾ

ಕೋಲ್ಕತಾದ ಸಾಲ್ಟ್ ಲೇಕಿನ ಐದನೇ ಸೆಕ್ಟರಿನಲ್ಲಿ ಆಗ ಗಾಜಿನ ಕಟ್ಟಡಗಳು ನಾಯಿಕೊಡೆಗಳಂತೆ ಏಳುತ್ತಿದ್ದವು. ಒಂದು ದುರ್ಗಾಪೂಜೆಗೆ ಬಯಲಾಗಿದ್ದ ಜಾಗದಲ್ಲಿ ಮುಂದಿನ ಪೂಜೆಯ ಹೊತ್ತಿಗೆ ಮಹಡಿ ಮೇಲೆ ಮಹಡಿ, ಲಿಫ್ಟು, ಕೊರಳಿಗೆ ಗುರುತಿನ ಬಿಲ್ಲೆ ನೇತುಹಾಕಿಕೊಂಡ ಹುಡುಗ ಹುಡುಗಿಯರ ದಂಡು. ಅಂಥದ್ದೊಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಚಹಾ ಮಶೀನಿಗೂ ಕಿಟಕಿಗೂ ನಡುವಿನ ಮೂಲೆಯಲ್ಲಿ, ಅನಸೂಯ ಹುಯಿಲಗೋಳಳ ಮೇಜಿತ್ತು. ಗದಗಿನ ಕಡೆಯ ಆ ಅಡ್ಡಹೆಸರು ಬಂಗಾಳಿಗಳ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಒಂದೆರಡು ದಿನ ಹೆಣಗಾಡಿ ಕೈಬಿಟ್ಟರು. ಹಾಗಾಗಿ ಎಲ್ಲರಿಗೂ ಅವಳು ಅನಸೂಯಾದಿ, ಅಂದರೆ ಅನಸೂಯಕ್ಕ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಮ್ಯಾನೇಜರಿಗೂ ಅವಳು ಅಕ್ಕನೇ.

ಮೇಜಿನ ಪಕ್ಕದಲ್ಲಿ ಒಂದು ಬೆತ್ತದ ಮೋರಾ ಇತ್ತು. ಮೋರಾ ಎಂದರೆ ಡಮರುಗದ ಆಕಾರದ, ಬೆನ್ನಿಲ್ಲದ ಗುಂಡು ಆಸನ. ಬಂಗಾಳಿಗಳ ಮನೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ಆಫೀಸಿನವರು ತಲೆಗೊಂದರಂತೆ ಕುರ್ಚಿ ಕೊಟ್ಟು ಕೈತೊಳೆದುಕೊಂಡಿದ್ದರು. ತನ್ನನ್ನು ಏನಾದರೂ ಕೇಳಲು ಬಂದವರು ನಡು ಬಗ್ಗಿಸಿ ನಿಂತೇ ಮಾತಾಡುವುದನ್ನು ನೋಡಲಾರದೆ ಅನಸೂಯ ಗರಿಯಾಹಾಟಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಇದನ್ನು ಕೊಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು. ಕಂಡಕ್ಟರು ಮೋರಾಕ್ಕೂ ಟಿಕೆಟ್ಟು ಕೇಳಿದ್ದ. ಅವಳು ತೆಗೆದುಕೊಂಡೂ ಇದ್ದಳು. ಜಗಳ ಆಡಬಹುದಿತ್ತು, ಆದರೆ ಜಗಳ ಆಡುವಷ್ಟು ಬಂಗಾಳಿ ಇಪ್ಪತ್ತು ವರ್ಷವಾದರೂ ಅವಳಿಗೆ ಬಂದಿರಲಿಲ್ಲ.

ಸಂಖ್ಯಾಶಾಸ್ತ್ರ ಓದಲೆಂದು ಕೋಲ್ಕತಾಕ್ಕೆ ಬಂದವಳು ಇಲ್ಲೇ ಉಳಿದಳು. ಮದುವೆಯಾಗಲಿಲ್ಲ. ಅದರ ಹಿಂದೆ ಕಥೆ ಹುಡುಕುವವರಿಗೆ ನಿರಾಸೆಯಾದೀತು, ಏಕೆಂದರೆ ಕಥೆಯೇನೂ ಇಲ್ಲ. ನೋಡಲು ಬಂದ ಒಬ್ಬ ಅವಳಿಗೆ ಬೇಡವಾದ, ಇನ್ನೊಬ್ಬನಿಗೆ ಅವಳು ಬೇಡವಾದಳು, ಅಷ್ಟರಲ್ಲಿ ವರ್ಷಗಳು ಸರಿದುಹೋದವು. ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಮಾರ್ಕೆಟ್ಟಿನ ತಮಿಳರ ಅಂಗಡಿಯಲ್ಲಿ ಕಾಫಿಪುಡಿ, ಹುಣಸೆಹಣ್ಣು, ಕರಿಬೇವು. ರಜೆಯ ದಿನ ಸಂಜೆ ಸದರ್ನ್ ಅವೆನ್ಯೂದ ಮರಗಳ ಕೆಳಗೆ ಒಂದು ಸುತ್ತು. ದಿನವೂ ಎದುರಾಗುವ ವಾಕಿಂಗ್ ಮಂದಿ ನಗುತ್ತಿದ್ದರು, ಇವಳೂ ನಗುತ್ತಿದ್ದಳು, ಪರಿಚಯ ಅಲ್ಲಿಗೆ ಮುಗಿಯುತ್ತಿತ್ತು. ಶುಕ್ರವಾರ ಬಂದು ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ತನ್ನ ದನಿಯೇ ತನಗೆ ಕೇಳಿಸುತ್ತಿರಲಿಲ್ಲ. ಭಾನುವಾರ ಗದಗಿನಿಂದ ಅಕ್ಕ ರುಕ್ಮಿಣಿಯ ಫೋನು ಬಂದಾಗ ಮೊದಲು ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು.

"ಏನ ನಡಿಸೀಯವಾ ಅನಸೂ? ಊಟಾ ಆತೇನು?" ಎಂದು ರುಕ್ಮಿಣಿ ಶುರುಮಾಡುತ್ತಿದ್ದಳು.

"ಆತಕ್ಕಾ."

"ಅಷ್ಟ ದೊಡ್ಡ ಊರಾಗ ಒಬ್ಬಾಕಿನ ಹೆಂಗ ಇರ್ತೀಯೋ ಏನೋ. ಮಾತಾಡ್ಲಿಕ್ಕರೆ ಯಾರಿದ್ದಾರ ನಿನಗ?"

"ಅಯ್ಯ, ಭಾಳ ಮಂದಿ ಬರ್ತಾರ. ದಿನಾ ಬರ್ತಾರ."

"ಮನಿಗೇನು?"

"ಮನಿಗಲ್ಲ. ಆಫೀಸಿನಾಗ, ನನ್ನ ಟೇಬಲ್ ಹತ್ರ."

ರುಕ್ಮಿಣಿ, "ಆತು ಬಿಡು, ಅಷ್ಟರೆ ಅದ ಅಲಾ," ಎನ್ನುತ್ತಿದ್ದಳು.

ಅಷ್ಟಂತೂ ಇತ್ತು. ಮಂದಿ ಏಕೆ ಬರುತ್ತಿದ್ದರು ಎಂದು ತಿಳಿಯಬೇಕಾದರೆ ಅವಳ ಕೆಲಸ ಏನೆಂದು ನಾಲ್ಕು ಮಾತು ಹೇಳಬೇಕು. ಬಿಸ್ಕತ್ತು ಮಾಡುವ ಕಂಪನಿಯೊಂದು ಇವರ ಗಿರಾಕಿ. ಯಾವ ಊರಿನ ಯಾವ ಅಂಗಡಿಗೆ ಯಾವ ದಿನ ಎಷ್ಟು ಡಬ್ಬ ಹೋಯಿತು, ಎಷ್ಟು ಮೆತ್ತಗಾಗಿ ವಾಪಸು ಬಂತು, ಎಲ್ಲವೂ ಬೇರೆ ಬೇರೆ ಟೇಬಲ್ಲುಗಳಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಪಟ್ಟಿಗಳಲ್ಲಿ, ತುಂಬಿರುತ್ತಿತ್ತು. ಆ ಕಂಪನಿಯ ಸಾಹೇಬರು ಮಳೆಗಾಲದಲ್ಲಿ ಸಿಲಿಗುರಿ ಕಡೆ ಮಾರಾಟ ಹೇಗೆ ಎಂದು ಕೇಳಿದರೆ ಥಟ್ಟನೆ ಉತ್ತರ ಬರಬೇಕು. ಬರಬೇಕಾದರೆ ಅಷ್ಟೂ ಟೇಬಲ್ಲುಗಳನ್ನು ಒಂದಕ್ಕೊಂದು ಸರಿಯಾಗಿ ಜೋಡಿಸಿಟ್ಟಿರಬೇಕು. ಆ ಜೋಡಣೆಗೇ ಡೇಟಾ ಮಾಡೆಲ್ ಎನ್ನುತ್ತಾರೆ. ಒಂದು ಕೊಂಡಿ ತಪ್ಪಿದರೆ ಲೆಕ್ಕ ನಿಲ್ಲುವುದಿಲ್ಲ, ಅದೇ ಕಷ್ಟ; ಗಂಭೀರ ಮುಖ ಮಾಡಿಕೊಂಡು ಸುಳ್ಳು ಹೇಳುತ್ತದೆ.

ಅವರು ಬಳಸುತ್ತಿದ್ದ ಸಾಫ್ಟ್‌ವೇರು ದುಬಾರಿಯದು, ಆದರೆ ಈ ವಿಷಯದಲ್ಲಿ ಶತದಡ್ಡ. ಪಟ್ಟಿಯ ಒಂದು ಕಾಲಮ್ಮನ್ನು ಎಲ್ಲೆಲ್ಲಿ ಬಳಸಿದೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಪರದೆಯ ಮೇಲೆ ಒಂದೊಂದೇ ಕಿಟಕಿ ತೆರೆದು ನಾವೇ ಹುಡುಕಿಕೊಳ್ಳಬೇಕು. ಅದಕ್ಕೆ ಅನಸೂಯ ಮೊದಲಿನಿಂದಲೂ ಇಡೀ ಮಾಡೆಲ್ಲನ್ನು ಪೆನ್ಸಿಲ್ಲಿನಲ್ಲಿ ಡ್ರಾಯಿಂಗ್ ಶೀಟುಗಳ ಮೇಲೆ ಬರೆದು ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದಳು. ಹೊಸ ಟೇಬಲ್ಲು ಬಂದಾಗಲೆಲ್ಲ ಅಳಿಸಿ, ತಿದ್ದಿ, ಹೊಸ ಗೆರೆ ಎಳೆಯುತ್ತಿದ್ದಳು. ಟೀಮಿನ ಯಾರೂ ಏನನ್ನೂ ಮುಟ್ಟುವ ಮೊದಲು ಮೋರಾದ ಮೇಲೆ ಬಂದು ಕೂರುತ್ತಿದ್ದರು. "ಅನಸೂಯಾದಿ, ಈ ಕಾಲಮ್ ಬದಲಿಸಿದರೆ ಏನೇನು ಕೆಡತ್ತೆ?" ಅವಳು ಗೋಡೆಯ ಮೇಲೆ ಬೆರಳಾಡಿಸಿ ಹೇಳುತ್ತಿದ್ದಳು.

ಉತ್ತರಕ್ಕೆ ಎರಡು ನಿಮಿಷ ಸಾಕು. ಆದರೆ ಕೋಲ್ಕತಾದಲ್ಲಿ ಕೂತವರು ಎರಡು ನಿಮಿಷಕ್ಕೆ ಎದ್ದುಹೋಗುವ ಪದ್ಧತಿಯಿಲ್ಲ. ಅತ್ತೆಯ ಮೊಣಕಾಲು ನೋವು, ಇಲಿಶ್ ಮೀನಿನ ಬೆಲೆ, ಫ್ಲಾಟಿನ ಬಾಲ್ಕನಿ ಯಾವ ದಿಕ್ಕಿಗಿರಬೇಕು, ಪೂಜೆಗೆ ಪುರಿಯೋ ಡಾರ್ಜಿಲಿಂಗೋ, ಎಲ್ಲವೂ ಆ ಮೋರಾದ ಮೇಲೇ ತೀರ್ಮಾನವಾಗುತ್ತಿತ್ತು. ಅನಸೂಯ ಮೀನು ತಿನ್ನುವವಳಲ್ಲ, ಪುರಿಗೂ ಹೋದವಳಲ್ಲ. ಆದರೂ ಕಿವಿಗೊಟ್ಟು ಕೇಳುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದವನು ತಪೋಬ್ರತ. ಮೂವತ್ತರ ಆಸುಪಾಸಿನ, ಸದಾ ನೆಗಡಿಯ, ಒಳ್ಳೆಯ ಕೆಲಸಗಾರ. ಎಲ್ಲರೂ ತಪು ಎನ್ನುತ್ತಿದ್ದರು.

ಎರಡು ಸಾವಿರದ ಆರರ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಅನಸೂಯ ಇಂಟರ್‌ನೆಟ್ಟಿನಲ್ಲಿ ಏನೋ ಹುಡುಕುತ್ತಿದ್ದಾಗ, ಯಾವುದೋ ದೂರದೇಶದ ಪುಣ್ಯಾತ್ಮನೊಬ್ಬ ತಾನೇ ಬರೆದು ಬಿಟ್ಟಿಯಾಗಿ ಹಂಚುತ್ತಿದ್ದ ಪುಟ್ಟ ಟೂಲೊಂದು ಕಣ್ಣಿಗೆ ಬಿತ್ತು. ಅದು ಸಾಫ್ಟ್‌ವೇರಿನ ಒಳಗಿನದಲ್ಲ. ಹೊರಗೆ ನಿಂತುಕೊಂಡೇ ಮಾಡೆಲ್ಲನ್ನು ಪೂರ್ತಿ ಓದಿ, ಯಾವುದಕ್ಕೆ ಯಾವುದು ಜೋಡಿಯಾಗಿದೆ, ಎಲ್ಲಿ ಮುಟ್ಟಿದರೆ ಎಲ್ಲಿ ಕೆಡುತ್ತದೆ ಎಂದು ಬಿಡಿಸಿ ಹೇಳುವಂಥದ್ದು. ಇವರ ಮಾಡೆಲ್ಲನ್ನು ಅದಕ್ಕೆ ತೋರಿಸಿ, ತನಗೆ ಚೆನ್ನಾಗಿ ಗೊತ್ತಿದ್ದ ಪ್ರಶ್ನೆಯನ್ನೇ ಕೇಳಿದಳು. ಕಣ್ಣು ಮಿಟುಕಿಸುವುದರಲ್ಲಿ ಉತ್ತರ ಬಂತು. ಸರಿಯಾದ ಉತ್ತರ. ಅಷ್ಟಕ್ಕೇ ಸುಮ್ಮನಾಗದೆ, ಇಲ್ಲೊಂದು ತಪ್ಪಿದೆ ನೋಡಿ ಎಂದು ಕೆಂಪು ಗೆರೆಯನ್ನೂ ಎಳೆದು ತೋರಿಸಿತು. ಆರ್ಡರು ಬಂದ ದಿನಕ್ಕೂ ಮಾಲು ಹೊರಟ ದಿನಕ್ಕೂ ಅವಳೇ ಯಾವತ್ತೋ ಹಾಕಿದ್ದ ಕೊಂಡಿ ಅದಲುಬದಲಾಗಿತ್ತು. ಗೋಡೆಯ ಶೀಟಿನಲ್ಲೂ ಅದೇ ತಪ್ಪು ಅಚ್ಚುಕಟ್ಟಾಗಿ ಕೂತಿತ್ತು.

ಅವಳಿಗೆ ಆದದ್ದು ಸಂತೋಷವೇ. ಕೆಲಸ ಬಲ್ಲವರಿಗೆ ಒಳ್ಳೆಯ ಸಲಕರಣೆ ಸಿಕ್ಕಾಗ ಆಗುವಂಥ ಸಂತೋಷ. ತಪ್ಪನ್ನು ಸರಿಪಡಿಸಿ, ಎಲ್ಲರನ್ನೂ ಕರೆದು ತೋರಿಸಬೇಕು ಎಂದು ಎದ್ದೂ ನಿಂತಳು. ಕಾಲಿಗೆ ಮೋರಾ ತಗುಲಿತು. ಅವಳು ಅದನ್ನು ನೋಡಿದಳು, ಮತ್ತೆ ಕುಳಿತಳು.

ಎಲ್ಲರ ಹತ್ತಿರವೂ ಈ ಟೂಲಿದ್ದರೆ ಇಲ್ಲಿ ಬಂದು ಕೂರುವವರು ಯಾರು?

ಹೊರಗಿನ ಟೂಲು ಹಾಕಲು ಮ್ಯಾನೇಜರ್ ಅನುಮತಿ ಬೇಕು ಎಂಬ ನಿಯಮವೊಂದಿತ್ತು. ನಾಳೆ ಕೇಳೋಣ ಎಂದುಕೊಂಡಳು. ನಾಳೆ ಮ್ಯಾನೇಜರಿಗೆ ಮೀಟಿಂಗು. ನಾಡಿದ್ದು ಅವನ ಮುಖ ಸರಿಯಿರಲಿಲ್ಲ. ಆಮೇಲೆ ಕ್ರಿಸ್‌ಮಸ್ ಬಂತು. ನೆಪಗಳಿಗೆ ಬರ ಇರಲಿಲ್ಲ. ಟೂಲು ಅವಳ ಕಂಪ್ಯೂಟರಿನಲ್ಲಿ ಇನ್‌ಕಮ್ ಟ್ಯಾಕ್ಸ್ ಎಂಬ ಹೆಸರಿನ ಫೋಲ್ಡರಿನೊಳಗೆ ಬೆಚ್ಚಗೆ ಕೂತಿತು. ಆ ಹೆಸರಿನ ಫೋಲ್ಡರನ್ನು ಯಾರೂ ಆಸೆಪಟ್ಟು ತೆರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಲ್ಲಿಂದ ಮುಂದೆ ನಡೆದದ್ದು ನಗೆಪಾಟಲು. ಯಾರಾದರೂ ಬಂದು ಪ್ರಶ್ನೆ ಹಾಕಿದರೆ ಅನಸೂಯ ಪರದೆಯನ್ನು ತನ್ನ ಕಡೆ ತುಸು ತಿರುಗಿಸಿಕೊಂಡು, ಟೂಲಿನಲ್ಲಿ ಉತ್ತರ ನೋಡಿ, ಕಿಟಕಿ ಮುಚ್ಚಿ, ಆಮೇಲೆ ಕಣ್ಣನ್ನೂ ಮುಚ್ಚಿಕೊಂಡು, ನೆನಪಿಸಿಕೊಳ್ಳುವವಳ ಹಾಗೆ ಹೇಳುತ್ತಿದ್ದಳು. ಜನವರಿಯಲ್ಲಿ ತಪು ಕೇಳಿದ್ದಕ್ಕೆ ಹೀಗೆಯೇ ಗಡಗಡನೆ ಹೇಳಿದಾಗ ಅವನು ತೊಡೆ ತಟ್ಟಿಕೊಂಡ. "ನಿಮ್ಮ ತಲೆ ತಲೆಯಲ್ಲ ದೀದಿ, ಕಂಪ್ಯೂಟರು! ಗೋಡೆ ಕೂಡ ನೋಡಲಿಲ್ಲ!" ಅನಸೂಯಳ ಮುಖ ಬಿಸಿಯಾಯಿತು. ಗೋಡೆ ನೋಡದಿರಲು ಇನ್ನೊಂದು ಕಾರಣವೂ ಇತ್ತು. ಟೂಲು ಬಂದ ಮೇಲೆ ಅವಳು ಪೆನ್ಸಿಲ್ಲು ಮುಟ್ಟಿರಲಿಲ್ಲ. ಆಮೇಲೆ ಸೇರಿದ ಟೇಬಲ್ಲುಗಳು ಯಾವುವೂ ಆ ಶೀಟುಗಳ ಮೇಲೆ ಇರಲಿಲ್ಲ. ಗೋಡೆ ಹಳೆಯದಾಗಿದೆ ಎಂದು ಗೊತ್ತಿದ್ದವಳು ಅವಳೊಬ್ಬಳೇ.

ಫೆಬ್ರವರಿ ಕೊನೆಯಲ್ಲಿ ಅವಳಿಗೆ ಚಿಕನ್ ಪಾಕ್ಸ್ ಬಂತು. ಚಳಿ ಹೋಗಿ ಬಿಸಿಲು ಬಲಿಯುವ ಈ ದಿನಗಳಲ್ಲಿ ಕೋಲ್ಕತಾದಲ್ಲಿ ಮನೆಗೊಬ್ಬರಿಗಾದರೂ ಬರುವಂಥದ್ದು. ನಲವತ್ತು ದಾಟಿದವಳಿಗೆ ಮಕ್ಕಳ ಕಾಯಿಲೆ. ಮೈತುಂಬ ಗುಳ್ಳೆ, ಸುಡುವ ಜ್ವರ, ಯಾರೂ ಹತ್ತಿರ ಬರುವಂತಿಲ್ಲ. ಇವಳು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಮನೆ ಒಡತಿ ಕೆಟ್ಟವಳಲ್ಲ. ಬೇವಿನೆಲೆ ಸೇರಿಸಿ ಹುರಿದ ಬದನೆಕಾಯಿ, ಅನ್ನ, ತೆಳ್ಳನೆಯ ಬೇಳೆಸಾರನ್ನು ಬಾಗಿಲ ಹೊರಗಿಟ್ಟು, ಕದ ತಟ್ಟಿ, ಇವಳು ತೆರೆಯುವುದರೊಳಗೆ ಕೆಳಗಿಳಿದುಬಿಡುತ್ತಿದ್ದಳು. ಅನಸೂಯ ಮೆಟ್ಟಿಲ ಮೇಲೆ ಇಳಿಯುವ ಚಪ್ಪಲಿಯ ಸದ್ದು ಕೇಳಿಕೊಂಡು ತಟ್ಟೆ ಒಳಗೆ ತರುತ್ತಿದ್ದಳು. ಮೊದಲ ದಿನಗಳಲ್ಲಿ ಆಫೀಸಿನಿಂದ ಒಂದೆರಡು ಫೋನು ಬಂದವು. ಆಮೇಲೆ, ಗೋಡೆಯ ಮೇಲೆ ಇದೆಯಲ್ಲ, ಪಾಪ ದೀದಿಗೆ ಯಾಕೆ ತೊಂದರೆ ಎಂದು ಅವರೂ ನಿಲ್ಲಿಸಿದರು.

ಒಂದು ಭಾನುವಾರ ಬೆಳಿಗ್ಗೆ ಮೊಬೈಲು ಹೊಡೆದುಕೊಂಡಿತು. ಅಕ್ಕನೆಂದು ಗಂಟಲು ಸರಿಮಾಡಿಕೊಂಡರೆ ಅದು ತಪು. ಅವನು ಆಫೀಸಿನಲ್ಲಿದ್ದ.

"ಕ್ಷಮಿಸಿ ದೀದಿ, ಬೇರೆ ದಾರಿಯಿರಲಿಲ್ಲ. ಬಿಸ್ಕತ್ತಿನವರು ಏರಿಯಾಗಳನ್ನ ಹೊಸದಾಗಿ ಹಂಚಿದಾರೆ. ನಾಳೆ ಬೆಳಿಗ್ಗೆ ಅವರ ಮೀಟಿಂಗಿಗೆ ಹೊಸ ಲೆಕ್ಕ ಬೇಕು. ನಿಮ್ಮ ಗೋಡೆ ಮೇಲೆ ಏರಿಯಾ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ನಿನ್ನೆಯೇ ಬದಲಿಸಿದೆ. ಅರ್ಧ ಗಂಟೆಯಲ್ಲಿ ಚೆಕ್ ಮಾಡಿ ಹೊರಡೋಣ ಅಂತ ಈಗ ಬಂದರೆ ಸಿಲಿಗುರಿ ಮಾರಾಟ ಎರಡರಷ್ಟು ತೋರಿಸ್ತಿದೆ."

ಅನಸೂಯಳಿಗೆ ಜ್ವರದಲ್ಲೂ ಥಟ್ಟನೆ ತಿಳಿಯಿತು. ತಪ್ಪು ಅವನದಲ್ಲ, ಗೋಡೆಯದು. ಗೋಡೆಯದೂ ಅಲ್ಲ. ಇನ್ನೊಂದು ವಿಷಯವೂ ಅವಳಿಗೆ ನೆನಪಾಯಿತು: ಈ ಭಾನುವಾರ ತಪುವಿನ ಅಕ್ಕನ ಮಗಳ ಅನ್ನಪ್ರಾಶನ. ಮೋರಾದ ಮೇಲೆ ಕೂತು ಅವನು ಅದನ್ನೇ ವಾರಗಟ್ಟಲೆ ಹೇಳಿದ್ದ. ಬಂಗಾಳಿಗಳಲ್ಲಿ ಮಗುವಿನ ಬಾಯಿಗೆ ಮೊದಲ ತುತ್ತು ಅನ್ನ ಇಡಬೇಕಾದವನು ಸೋದರಮಾವ. ಇವನ ಅಕ್ಕನಿಗೆ ಇವನೊಬ್ಬನೇ ತಮ್ಮ, ಎಷ್ಟೋ ವರ್ಷಕ್ಕೆ ಹುಟ್ಟಿದ ಮಗು. ಗಂಗೆಯ ಆಚೆ ಉತ್ತರಪಾರಾದಲ್ಲಿ ಮನೆ, ಮಧ್ಯಾಹ್ನದೊಳಗೆ ಮುಹೂರ್ತ. ಇಡೀ ಬಳಗ ಇವನ ಕೈಗೆ ಕಾದಿರುತ್ತದೆ.

"ನೀನು ಉತ್ತರಪಾರಾಕ್ಕೆ ಹೋಗಬೇಕಲ್ಲ?" ಎಂದಳು.

"ಹೋಗ್ತೀನಿ, ಹೋಗ್ತೀನಿ. ನೀವು ಹೇಳಿಬಿಟ್ಟರೆ ಎಷ್ಟು ಹೊತ್ತಿನ ಕೆಲಸ?"

ಅವಳು ಕಣ್ಣು ಮುಚ್ಚಿಕೊಂಡಳು, ಈ ಸಲ ನಿಜವಾಗಿ. ಡಿಸೆಂಬರಿನಲ್ಲಿ ವಾಪಸು ಬಂದ ಮಾಲಿಗೆಂದು ಒಂದು ಟೇಬಲ್ಲು ಸೇರಿತ್ತು. ಅಲ್ಲಿ ನೋಡು ಎಂದಳು. ಅವನು ತಿದ್ದಿ, ಮಾಡೆಲ್ಲನ್ನು ಮತ್ತೆ ಓಡಿಸಿದ. ಕಾಯುವಾಗ ಇಬ್ಬರೂ ಮಾತಾಡಿದರು. ಗುಳ್ಳೆ ಒಣಗಿದವೇ ಎಂದು ಅವನು ಕೇಳಿದ, ಮಗುವಿಗೆ ಹೆಸರೇನಿಟ್ಟಿರಿ ಎಂದು ಇವಳು ಕೇಳಿದಳು. ಲೆಕ್ಕ ಮತ್ತೆ ತಪ್ಪು ಬಂತು. ಇನ್ನೊಂದು ಟೇಬಲ್ಲಿನ ಹೆಸರು ಹೇಳಿದಳು. ಅದೂ ಅಲ್ಲ. ಎಷ್ಟು ದಿನದ ಮೇಲೆ ಕಿವಿಯಲ್ಲಿ ಒಂದು ಮನುಷ್ಯನ ದನಿ, ಅದೂ ತನ್ನನ್ನೇ ಕೇಳುವ ದನಿ. ಈ ಫೋನು ಮುಗಿಯದಿರಲಿ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆ ಕಡೆ ಮೇಜಿನ ಮೇಲಿನ ಆಫೀಸು ಫೋನು ಹೊಡೆದುಕೊಂಡಿತು. ತಪು ಎತ್ತಿ, "ಬರ್ತೀನಿ ದೀದಿ, ಬಂದೆ ಅಂತ ತಿಳಿ," ಎಂದು ಬಂಗಾಳಿಯಲ್ಲಿ ಗೋಗರೆದದ್ದು ಕೇಳಿಸಿತು. ಅವನ ಸ್ವಂತ ಅಕ್ಕ. ಹಿಂದೆ ಯಾರೋ ಹೆಂಗಸರು ಶುಭಕಾರ್ಯಕ್ಕೆ ನಾಲಿಗೆ ಹೊರಳಿಸಿ ಉಲೂಲು ಹಾಕುತ್ತಿದ್ದದ್ದೂ ಆ ರಿಸೀವರಿನಿಂದ ಸಣ್ಣಗೆ ಇಲ್ಲಿಯವರೆಗೆ ಬಂತು.

"ತಪು," ಎಂದಳು ಅನಸೂಯ. "ನನ್ನ ಕಂಪ್ಯೂಟರ್ ತೆಗಿ. ಇನ್‌ಕಮ್ ಟ್ಯಾಕ್ಸ್ ಅಂತ ಒಂದು ಫೋಲ್ಡರ್ ಇದೆ."

"ಇನ್‌ಕಮ್ ಟ್ಯಾಕ್ಸಾ?"

"ತೆಗಿ ಅಂದೆನಲ್ಲ."

ಪಾಸ್‌ವರ್ಡು ಹೇಳಿದಳು. ಟೂಲು ಓಡಿಸುವುದು ಹೇಗೆ ಎಂದೂ ಹೇಳಿದಳು. ಆಮೇಲೆ ಫೋನಿನಲ್ಲಿ ಮೌಸು ಒತ್ತುವ ಸದ್ದು, ಅವನು ಮೂಗೆಳೆದುಕೊಳ್ಳುವ ಸದ್ದು. "ಓ ಬಾಬಾ," ಎಂದ. "ಎಲ್ಲಾ ಹೇಳ್ತಿದೆ. ತಪ್ಪು ಮಾರಾಟದ ಟಾರ್ಗೆಟ್ ಟೇಬಲ್ಲಿನಲ್ಲಿದೆ ದೀದಿ, ಏರಿಯಾ ಎರಡು ಕಡೆಯಿಂದ ಜೋಡಿಯಾಗಿದೆ, ಕೆಂಪಗೆ ತೋರಿಸ್ತಿದೆ." ತಿದ್ದಿ ಓಡಿಸಿದ. ಸಿಲಿಗುರಿ ತನ್ನ ಅಳತೆಗೆ ಬಂತು.

ತಪು ಇನ್ನೊಮ್ಮೆ ಮೂಗೆಳೆದುಕೊಂಡ.

"ಇದು ಯಾವಾಗಿನಿಂದ ಇದೆ ದೀದಿ?"

"ನವೆಂಬರಿನಿಂದ."

"ಹಾಗಾದರೆ ಜನವರಿಯಲ್ಲಿ ನೀವು ಕಣ್ಣು ಮುಚ್ಚಿಕೊಂಡು..."

"ಹೌದು. ಈಗ ನೀನು ಹೊರಡು. ಟ್ಯಾಕ್ಸಿ ಸಿಗಬೇಕು. ಬಾಲಿ ಸೇತುವೆ ಮೇಲೆ ಜಾಮ್ ಆದರೆ ಮುಗಿಯಿತು."

ಅವನು ಹೊರಟ. ಫೋನಿಟ್ಟ ಮೇಲೆ ಅನಸೂಯ ಬಹಳ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಸಂಜೆ ಒಂದು ಮೆಸೇಜು ಬಂತು: ಮಗು ಮೊದಲ ತುತ್ತನ್ನು ಇವನ ಕುರ್ತಾದ ಮೇಲೇ ಉಗುಳಿತಂತೆ. ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಅಕ್ಕನ ಫೋನು ಬಂದಾಗ ಜ್ವರ ಕಡಿಮೆಯಾಗಿದೆ ಎಂದಷ್ಟೇ ಹೇಳಿದಳು.

ಮತ್ತೆ ಆಫೀಸಿಗೆ ಹೋದಾಗ ಮುಖದ ಮೇಲೆ ಕಲೆಗಳಿದ್ದವು, ಗೋಡೆಯ ಮೇಲೆ ಏನೂ ಇರಲಿಲ್ಲ. ಶೀಟುಗಳನ್ನು ಬಿಚ್ಚಿ, ಸುರುಳಿ ಸುತ್ತಿ, ರಬ್ಬರ್ ಬ್ಯಾಂಡು ಹಾಕಿ, ಮರ್ಯಾದೆಯಿಂದ ಬೀರುವಿನ ಮೇಲೆ ಇಟ್ಟಿದ್ದರು. ಟೂಲು ಎಲ್ಲರ ಕಂಪ್ಯೂಟರಿಗೂ ಬಂದಿತ್ತು. ಅನುಮತಿ ಕೊಡಲು ಮ್ಯಾನೇಜರಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಿರಲಿಲ್ಲವಂತೆ. ಅದನ್ನು ಹುಡುಕಿದವರು ಅನಸೂಯಾದಿ ಎಂದು ತಪು ಎಲ್ಲರಿಗೂ ಹೇಳಿದ್ದ. ನವೆಂಬರಿನ ಸಂಗತಿ ಯಾರಿಗೂ ಹೇಳಿರಲಿಲ್ಲ, ಮುಂದೆಯೂ ಹೇಳಲಿಲ್ಲ.

ಅವನು ಫೋಟೋ ತಂದು ತೋರಿಸಿದ. ಹಣೆಯ ಮೇಲೆ ಗಂಧದ ಚುಕ್ಕಿ, ತಲೆಯ ಮೇಲೆ ಬೆಂಡಿನ ಕಿರೀಟ, ಅಳಲು ಸಿದ್ಧವಾದ ಬಾಯಿ. ಪಕ್ಕದಲ್ಲಿ ಇವನು ಹಲ್ಲುಬಿಟ್ಟುಕೊಂಡು. ಮೋರಾದ ಮೇಲೆ ಕೂರದೆ ನಿಂತೇ ತೋರಿಸಿದ.

"ನಿಮ್ಮಿಂದ ದೊಡ್ಡ ಉಪಕಾರವಾಯಿತು ದೀದಿ. ಇನ್ನು ಮೇಲೆ ನಿಮಗೂ ನೆಮ್ಮದಿ. ದಿನಾ ಒಬ್ಬರಾದ ಮೇಲೊಬ್ಬರು ಬಂದು ತಲೆ ತಿಂತಿದ್ವಿ, ಎಷ್ಟು ಬೇಜಾರಾಗ್ತಿತ್ತೋ ಏನೋ."

ಅವನು ಮನಸಾರೆ ಹೇಳಿದ. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೇ. "ಹಾಗೇನಿಲ್ಲ," ಎಂದಳು. ಅವನು ಫೋಟೋ ಜೇಬಿಗಿಟ್ಟುಕೊಂಡು ಕೆಲಸಕ್ಕೆ ಹೋದ.

ಕೆಲಸ ಚೆನ್ನಾಗಿಯೇ ನಡೆಯಿತು, ಅದನ್ನು ಮುಚ್ಚಿಡುವುದು ಬೇಡ. ಮಾಡೆಲ್ಲಿನ ತಪ್ಪುಗಳು ಕಡಿಮೆಯಾದವು. ವಾರ ಹಿಡಿಯುತ್ತಿದ್ದ ಬದಲಾವಣೆ ಅರ್ಧ ದಿನಕ್ಕೆ ಮುಗಿಯತೊಡಗಿತು. ಭಾನುವಾರ ಯಾರೂ ಬರುವ ಪ್ರಮೇಯವೇ ಬರಲಿಲ್ಲ. ಮ್ಯಾನೇಜರು ಮೀಟಿಂಗಿನಲ್ಲಿ ಅವಳ ಹೆಸರು ಹೇಳಿ ಚಪ್ಪಾಳೆ ಹೊಡೆಸಿದ. ಹೊಗಳಿಕೆ ನ್ಯಾಯವಾದದ್ದೇ ಎಂದು ಅವಳಿಗೂ ಗೊತ್ತಿತ್ತು. ಚಹಾ ಮಶೀನಿನ ಹತ್ತಿರ ಎಲ್ಲರೂ ಅವಳನ್ನು ನೋಡಿ ನಗುತ್ತಿದ್ದರು, ಹೇಗಿದ್ದೀರಿ ಎನ್ನುತ್ತಿದ್ದರು, ಲೋಟ ಹಿಡಿದುಕೊಂಡು ತಮ್ಮ ತಮ್ಮ ಜಾಗಕ್ಕೆ ಹೋಗುತ್ತಿದ್ದರು. ಸದರ್ನ್ ಅವೆನ್ಯೂದ ವಾಕಿಂಗ್ ಮಂದಿಯ ಹಾಗೆಯೇ. ಇಲಿಶ್ ಮೀನಿನ ಬೆಲೆ ಆ ವರ್ಷ ಎಷ್ಟಾಯಿತು ಎಂಬುದೇ ಅವಳಿಗೆ ತಿಳಿಯಲಿಲ್ಲ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಪಕ್ಕದ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ಅವಳ ಮೇಜಿನ ಕಡೆ ನಡೆದು ಬಂದಳು. ಅನಸೂಯ ಅವಳನ್ನು ದೂರದಿಂದಲೇ ಕಂಡು, ಅರಿವಿಲ್ಲದೆಯೇ ಪರದೆಯನ್ನು ಸರಿಸಿ, ನೇರವಾಗಿ ಕುಳಿತಳು.

"ದೀದಿ, ಒಂದು ಕೇಳಬೇಕಿತ್ತು."

"ಕೇಳಿ, ಕೇಳಿ."

"ಈ ಮೋರಾ ಸುಮ್ಮನೆ ಬಿದ್ದಿದೆಯಲ್ಲ. ನಮ್ಮ ಕಡೆ ಪ್ರಿಂಟರ್ ಇಡೋದಕ್ಕೆ ಏನೂ ಇಲ್ಲ. ಯಾರೂ ಕೂರದಿದ್ದರೆ ತಗೊಂಡು ಹೋಗಲಾ?"

ಅನಸೂಯ ಮೋರಾದ ಕಡೆ ನೋಡಿದಳು. ಕೂತು ಕೂತು ನಡುವೆ ತಗ್ಗಾಗಿದ್ದ ಬೆತ್ತದ ಮೇಲೆ ಸಣ್ಣಗೆ ಧೂಳು ಕೂತಿತ್ತು. ಅವಳು ಬಗ್ಗಿ ಸೆರಗಿನಿಂದ ಅದನ್ನು ಒರೆಸಿ, ತನ್ನ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲಮ್ಮ," ಎಂದಳು. "ಬರೋರಿದ್ದಾರೆ."